ಸರ್ವಿಸ್ ಸೆಂಟರ್ ಇಲ್ಲದ ಕಾರನ್ನ ಮನೇಲೇ ನೋಡ್ಕೊಳ್ಳೋದು ಹೇಗೆ

ಭೋಸರಿಯಲ್ಲಿ ನಮ್ಮ ಕಾಕಾ ಒಬ್ರಿದಾರೆ, ಗದಗ ಕಡೆಯವರು, ಟೂಲ್ ರೂಮಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು, ಸಂಬಂಧದಲ್ಲಿ ನನಗೇನೂ ಆಗ್ಬೇಕಿಲ್ಲ, ಆದ್ರೆ ಪುಣೆಗೆ ಬಂದ ಮೇಲೆ ಕಾಕಾ ಅನ್ನೋಕೆ ನೆಂಟಸ್ತನ ಯಾರು ಕೇಳ್ತಾರೆ. ಅವರ ಶೆಡ್‌ನಲ್ಲಿ ಒಂದು ಕಾರಿದೆ. ಬಾಗಿಲಿಲ್ಲ, ಛಾವಣಿ ಇಲ್ಲ, ಒಳಗೆ ಕೂತು ಕೈ ಇಳಿಬಿಟ್ರೆ ನೆಲ ಸಿಗುತ್ತೆ. ಇಂಜಿನ್ ಮತ್ತೆ ಹಿಂದಿನ ಆಕ್ಸಲ್ ಜಿಪ್ಸಿದು, ಸ್ಟೀರಿಂಗ್ ರ‍್ಯಾಕ್ ಮಾರುತಿ 800ದು, ಹೆಡ್‌ಲೈಟ್ ಬುಲೆಟ್‌ದು, ಮೂತಿ ಮತ್ತು ಮಡ್‌ಗಾರ್ಡ್ ಫೈಬರ್‌ದು, ಚಾಸಿ, ಅಂದ್ರೆ ಗಾಡಿಯ ಅಸ್ಥಿಪಂಜರ, ಮಾತ್ರ 25 ಎಂಎಂ ಚೌಕ ಪೈಪ್ ಕತ್ತರಿಸಿ ಅವರೇ ವೆಲ್ಡ್ ಮಾಡಿಸಿದ್ದು. ಇಂಥದ್ದಕ್ಕೆ ಕಿಟ್ ಕಾರ್ ಅಂತಾರೆ, ಬಿಡಿ ಭಾಗ ತಂದು ಮನೇಲಿ ಜೋಡಿಸ್ಕೊಳ್ಳೋ ಸ್ಪೋರ್ಟ್ಸ್ ಕಾರು.

ಈ ಕುಲದ ಮೂಲಪುರುಷ ಅಂದ್ರೆ 1957ರಲ್ಲಿ ಇಂಗ್ಲೆಂಡಲ್ಲಿ ಕಾಲಿನ್ ಚಾಪ್ಮನ್ ಹೊರತಂದ ಲೋಟಸ್ ಸೆವೆನ್. ಅಲ್ಲಿ ಆಗ ಪೂರ್ತಿ ಕಾರು ಕೊಂಡ್ರೆ ಪರ್ಚೇಸ್ ಟ್ಯಾಕ್ಸ್, ಬಿಡಿಬಿಡಿಯಾಗಿ ಕೊಂಡ್ರೆ ಇಲ್ಲ, ಆದ್ರೆ ಜೋಡಿಸೋ ಸೂಚನೆ ಮಾತ್ರ ಕೊಡೋ ಹಾಗಿಲ್ಲ. ಅದಕ್ಕೇ ಬಿಚ್ಚೋದು ಹೇಗೆ ಅಂತ ಕಾಗದ ಕೊಟ್ಟು, ಕೊನೆಯಿಂದ ಮೊದಲಿಗೆ ಓದ್ಕೊಳ್ಳಿ ಅಂತಿದ್ರಂತೆ. 1973ರಲ್ಲಿ ಆ ಡಿಸೈನು ಕೇಟರ್‌ಹ್ಯಾಮ್ ಕೈಗೆ ಹೋಯ್ತು, ಇವತ್ತಿಗೂ ಮಾಡ್ತಿದಾರೆ. ನಮ್ಮಲ್ಲಿ ಕಾಗದಪತ್ರದ ಕಥೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸೋಕೆ ಬಿಡಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳ್ತು, ಹಾಗಾಗಿ ಕಾಕಾ ಗಾಡಿ ಓಡೋದು ಮುಳಶಿ ಕಡೆ ಗೆಳೆಯರ ತೋಟದ ಒಳದಾರಿಯಲ್ಲಿ ಮಾತ್ರ, ಅಲ್ಲಿವರೆಗೂ ಟೆಂಪೋ ಮೇಲೆ ಹೋಗುತ್ತೆ.

ನಾನು ಧಾಯರಿಯ ಫ್ಲ್ಯಾಟ್‌ನಿಂದ ಭಾನುವಾರ ಭಾನುವಾರ ಹೋಗಿ ಅವರ ಹತ್ರ ಕಲಿತದ್ದನ್ನ ಇಲ್ಲಿ ಬರೀತಿದೀನಿ. ಇಂಥ ಗಾಡಿ ಇರೋರಿಗೆ, ಕಾಲೇಜಲ್ಲಿ ರೇಸ್ ಗಾಡಿ ಕಟ್ಟೋ ಹುಡುಗರಿಗೆ, ಹಳೇ ಜಿಪ್ಸಿ ಇಟ್ಕೊಂಡು ಒದ್ದಾಡೋರಿಗೂ ಆಗುತ್ತೆ.

ಮೊದಲು ತರಬೇಕಾದ್ದು ಪಾನಾ (ಸ್ಪ್ಯಾನರ್) ಅಲ್ಲ, ಒಂದು 200 ಪೇಜಿನ ನೋಟ್‌ಬುಕ್. ಕಾಕಾ ಅದರ ಮೇಲೆ ‘ಜಾತಕ’ ಅಂತ ಬರೆದಿದಾರೆ. ಯಾವ ಪಾರ್ಟು, ಯಾವ ಗಾಡಿದು, ಅದರ ಮೇಲಿನ ನಂಬರೇನು, ಬೋಲ್ಟ್ ಎಷ್ಟನೇದು, ಯಾವಾಗ ಬದಲಿಸಿದ್ದು, ಅಷ್ಟೇ. ಇದು ಯಾಕೆ ಮುಖ್ಯ ಅಂತ ನನಗೆ ಗೊತ್ತಾಗಿದ್ದು ಒಂದು ಬೇರಿಂಗ್‌ನಿಂದ. ಇಂಜಿನ್ನಿನ ಶಕ್ತಿಯನ್ನ ಹಿಂದಿನ ಚಕ್ರಕ್ಕೆ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ನಡುವೆ ಒಂದು ಬೇರಿಂಗ್ ಇದೆ, ಕಾಕಾ ತಾವೇ ಬ್ರಾಕೆಟ್ ಮಾಡಿ ಕೂರಿಸಿದ್ದು, ಅದು ಗುಂಯ್ ಅನ್ನೋಕೆ ಶುರುವಾಯ್ತು. ಆ ಒಂದು ಸಾಲು ಮಾತ್ರ ಜಾತಕದಲ್ಲಿ ಬರೆದಿರಲಿಲ್ಲ. ನಾನು ಅಂಗಡಿಗೆ ಹೋದೆ. "ಯಾವ ಗಾಡಿದು?" ಅಂದ್ರು. ಜಿಪ್ಸಿ ಅಂದೆ, ಒಂದು ಕೊಟ್ರು, ಕೂರ್ಲಿಲ್ಲ. ಮತ್ತೆ ಹೋಗಿ ಇನ್ನೊಂದು ತಂದೆ, ಅದೂ ಕೂರ್ಲಿಲ್ಲ. ಮೂರನೇ ಸಲ ಹೊರಡೋ ಹೊತ್ತಿಗೆ ಕಾಕಾ ಹಳೇದನ್ನ ಸೀಮೆಎಣ್ಣೆಯಲ್ಲಿ ಅದ್ದಿ ಬಟ್ಟೆಯಲ್ಲಿ ಒರೆಸಿ ನನ್ನ ಮೂಗಿನ ಮುಂದೆ ಹಿಡಿದ್ರು. ಅಂಚಿನಲ್ಲಿ ಸಣ್ಣಗೆ 6206 ಅಂತ ಕೊರೆದಿತ್ತು. "ಗಾಡಿ ಹೆಸರ ಯಾಕ ಹೇಳ್ತಿ ತಮ್ಮಾ, ಬೇರಿಂಗಿಗೆ ತನ್ನದೇ ಆದ ಹೆಸರ ಅದ."

ನಂಬರ್ ಓದೋದು ಸುಲಭ. ಕೊನೆಯ ಎರಡು ಅಂಕಿಯನ್ನ ಐದರಿಂದ ಗುಣಿಸಿದ್ರೆ ಒಳಗಿನ ತೂತಿನ ಅಳತೆ, 06 ಅಂದ್ರೆ 30 ಎಂಎಂ. 6206 ಆದ್ರೆ ಹೊರಗೆ 62, ದಪ್ಪ 16. ಈ ಲೆಕ್ಕ 04ರಿಂದ ಮೇಲೆ ಮಾತ್ರ, 03 ಅಂದ್ರೆ 17 ಎಂಎಂ, ಆಲ್ಟರ್ನೇಟರ್ ಬಿಚ್ಚಿದಾಗ ಇದು ನೆನಪಿರಲಿ. ಹಿಂದೆ 2ಆರ್‌ಎಸ್ ಅಂತಿದ್ರೆ ಎರಡೂ ಕಡೆ ರಬ್ಬರ್ ಸೀಲು, ಝಡ್‌ಝಡ್ ಇದ್ರೆ ತಗಡಿನ ಮುಚ್ಚಳ, ನಮ್ಮ ಮಳೆಗೆ ರಬ್ಬರ್‌ದೇ ವಾಸಿ. ಆಯಿಲ್ ಸೀಲ್ ಮೇಲೂ ಹೀಗೇ 35-52-7 ಅಂತ ಇರುತ್ತೆ, ಒಳಗೆ, ಹೊರಗೆ, ದಪ್ಪ. ಈ ಮೂರು ನಂಬರ್ ಹಿಡ್ಕೊಂಡು ಹೋದ್ರೆ ರವಿವಾರ ಪೇಠೆಯ ಬೋಹ್ರಿ ಆಳಿ ಆಗಲಿ ಮುಂಬೈನ ನಾಗದೇವಿ ಸ್ಟ್ರೀಟ್ ಆಗಲಿ ಯಾರೂ ಯಾವ ಗಾಡಿ ಅಂತ ಕೇಳಲ್ಲ. ಲೇತ್ ಕೆಲಸ, ಜಿಂಕ್ ಪ್ಲೇಟಿಂಗು ಬೇಕಿದ್ರೆ ಭೋಸರಿ ಎಂಐಡಿಸಿ, ಅಂದ್ರೆ ಅಲ್ಲಿನ ಕೈಗಾರಿಕಾ ಪ್ರದೇಶ, ಆದ್ರೆ ಗುರುವಾರ ಹೋಗ್ಬೇಡಿ, ರಜೆ.

ಎರಡನೇದು ಗಾಡಿ ಎತ್ತೋದು. ಇದರಲ್ಲಿ ತಮಾಷೆ ಇಲ್ಲ. ಜಾಕ್ ಇರೋದು ಎತ್ತೋಕೆ, ಹಿಡ್ಕೊಂಡು ನಿಲ್ಲೋಕಲ್ಲ, ಗಾಡಿ ಕೆಳಗೆ ತಲೆ ಹಾಕೋ ಮುಂಚೆ ಎರಡು ಘೋಡಿ, ಅಂದ್ರೆ ಜಾಕ್ ಸ್ಟ್ಯಾಂಡ್, ಕೊಟ್ಟಿರಬೇಕು. ಇಟ್ಟಿಗೆ ಬೇಡವೇ ಬೇಡ, ಅದು ಹೇಳದೆ ಕೇಳದೆ ಪುಡಿ ಆಗುತ್ತೆ. ಈ ಗಾಡಿ ನೆಲದಿಂದ ಸುಮಾರು 10 ಸೆಂಟಿಮೀಟರ್ ಮೇಲಿರೋದ್ರಿಂದ ಸಾಮಾನ್ಯ ಟ್ರಾಲಿ ಜಾಕ್ ಒಳಗೆ ಹೋಗಲ್ಲ, ಅದಕ್ಕೆ ಮೊದಲು ಎರಡು ದಪ್ಪ ಹಲಗೆ ಮೇಲೆ ಮುಂದಿನ ಚಕ್ರ ಹತ್ತಿಸ್ಕೊಳ್ಳಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ, ಆಮೇಲೆ ಜಾಕ್. ಜಾಕಿನ ತಲೆ ಪೈಪುಗಳು ಕೂಡೋ ಗಂಟಿನ ಕೆಳಗೆ ಬರಬೇಕು, ಮಧ್ಯದ ಅಲ್ಯೂಮಿನಿಯಂ ತಗಡಿಗೆ ಕೊಟ್ರೆ ಅದು ಹಪ್ಪಳ.

ಇನ್ನು ಪಾನಾ. ಎಲ್ಲರೂ ದೊಡ್ಡ ಸೆಟ್ ತಂದ್ಬಿಡ್ತಾರೆ, ಅದರಲ್ಲಿ ಅರ್ಧ ಪೆಟ್ಟಿಗೆಯಿಂದ ಹೊರಗೇ ಬರಲ್ಲ. ಜಿಪ್ಸಿ, 800ರಂಥ ಸುಜುಕಿ ಪಾರ್ಟುಗಳಿಗೆ 10, 12, 14, 17 ಎಂಎಂ ಪಾನಾ ಇದ್ರೆ ಮುಕ್ಕಾಲು ಕೆಲಸ ಆಗುತ್ತೆ, ಆದ್ರೆ ಚಾಸಿಗೆ ನೀವು ಅಂಗಡಿಯಿಂದ ತಂದ ಬೋಲ್ಟಿಗೆ 13 ಮತ್ತು 17 ಅಥವಾ 16 ಬೇಕಾಗುತ್ತೆ, ಯಾಕಂದ್ರೆ ಅದೇ ಎಂ8, ಅಂದ್ರೆ 8 ಎಂಎಂ ದಪ್ಪದ ಬೋಲ್ಟಿನ ತಲೆ ಜಪಾನಿನವರಿಗೆ 12, ಉಳಿದವರಿಗೆ 13. ಇಂಗ್ಲೆಂಡಿನಿಂದ ಬಂದ ಪಾರ್ಟ್ ಏನಾದ್ರೂ ಇದ್ರೆ ಅದು ಇಂಚಿನ ಲೆಕ್ಕ. ಅರ್ಧ ಇಂಚು ಅಂದ್ರೆ 12.7, ಅಲ್ಲಿ 13ರ ಪಾನಾ ಕೂರುತ್ತೆ, ಜೋರು ಹಾಕಿದ್ರೆ ತಲೆ ದುಂಡಗಾಗುತ್ತೆ. ರಿಂಗ್ ಪಾನಾ, ಗೋಟಿ (ಸಾಕೆಟ್) ಸೆಟ್, ಬ್ರೇಕ್ ಪೈಪಿಗೆ 10ರ ಫ್ಲೇರ್ ನಟ್ ಪಾನಾ, ಪ್ಲಗ್ಗಿಗೆ ಬೇರೆ ಗೋಟಿ, ಮತ್ತೆ ಬೇಕಾದಷ್ಟು ಬಿಗಿ ಆದ ಕೂಡ್ಲೇ ಟಿಕ್ ಅನ್ನೋ ಒಂದು ಟಾರ್ಕ್ ರೆಂಚ್. ಟಾರ್ಕ್ ರೆಂಚಿಗೆ ಮಾತ್ರ ಜಿಪುಣತನ ಮಾಡ್ಬೇಡಿ, ಕೆಲಸ ಆದ್ಮೇಲೆ ಅದನ್ನ ಕಡಿಮೆ ನಂಬರಿಗೆ ಇಳಿಸಿ ಇಡಿ.

ಬೋಲ್ಟಿನ ವಿಷಯಕ್ಕೆ ಬಂದ್ರೆ ನಾನೇ ಒಂದು ಸಲ ಬೈಸ್ಕೊಂಡಿದೀನಿ. ಮಳೆಗಾಲ ಮುಗಿದ ಮೇಲೆ ಸಸ್ಪೆನ್ಷನ್ ಬೋಲ್ಟೆಲ್ಲ ತುಕ್ಕು ಹಿಡಿದಿತ್ತು, ಫಳಫಳ ಹೊಳೆಯೋ ಸ್ಟೇನ್‌ಲೆಸ್ ಬೋಲ್ಟ್ ಒಂದು ಡಬ್ಬಿ ತಂದು ಮುಂದಿಟ್ಟೆ. ಕಾಕಾ ಒಂದನ್ನ ಎತ್ತಿ ನೋಡಿ, "ಇದು ಮದವಿ ಮಂಟಪ ಅಲ್ಲೋ ತಮ್ಮಾ, ಥಳಕು ಬ್ಯಾಡ" ಅಂದ್ರು. ಬೋಲ್ಟಿನ ತಲೆ ಮೇಲೆ 8.8 ಅಂತಿದ್ರೆ ಅದು ಸುಮಾರು 800 ಮೆಗಾಪಾಸ್ಕಲ್‌ವರೆಗೆ (ಎಳೆತದ ಅಳತೆ ಅದು) ತಡೆಯುತ್ತೆ, ಅದರ ಶೇಕಡಾ 80ಕ್ಕೆ, ಅಂದ್ರೆ 640ಕ್ಕೆ ಹಿಗ್ಗೋಕೆ ಶುರು. ಆ ಸ್ಟೇನ್‌ಲೆಸ್ ಮೇಲೆ ಎ2-70 ಅಂತಿತ್ತು, ಅದು 450ಕ್ಕೇ ಹಿಗ್ಗುತ್ತೆ. ಡ್ಯಾಶ್‌ಬೋರ್ಡಿಗೆ, ನಂಬರ್ ಪ್ಲೇಟಿಗೆ ಹಾಕಿ, ಚೆನ್ನಾಗಿ ಕಾಣುತ್ತೆ. ಸಸ್ಪೆನ್ಷನ್, ಸೀಟು, ಬೆಲ್ಟು, ಸ್ಟೀರಿಂಗಿಗೆ 8.8 ಜಿಂಕ್ ಪ್ಲೇಟಿಂಗ್ ಆದದ್ದು, ತುಕ್ಕಾದ್ರೆ ಬದಲಿಸಿ. ಏನೂ ಬರೆದಿಲ್ಲದ ಬೋಲ್ಟನ್ನ ಬೇಲಿಗೆ ಹಾಕ್ಕೊಳ್ಳಿ.

ಒಳಗೆ ನೈಲಾನ್ ಉಂಗುರ ಇರೋ ನೈಲಾಕ್ ನಟ್ಟು ಕೈಬೆರಳಲ್ಲೇ ಕೊನೇವರೆಗೆ ತಿರುಗಿದ್ರೆ ಅದರ ಆಯಸ್ಸು ಮುಗೀತು ಅಂತ ಅರ್ಥ. ಸೈಲೆನ್ಸರ್ ಪೈಪಿನ ಹತ್ರ ಅದನ್ನ ಹಾಕ್ಲೇಬೇಡಿ, ಸುಮಾರು 120 ಡಿಗ್ರಿ ದಾಟಿದ್ರೆ ಒಳಗಿನ ನೈಲಾನ್ ಮೆತ್ತಗಾಗುತ್ತೆ, ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್ಟು. ಟೈಟ್ ಮಾಡಿದ ಮೇಲೆ ನಟ್ಟಿನಿಂದ ಬ್ರಾಕೆಟ್‌ವರೆಗೆ ಹಳದಿ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೀರಿ. ಗೆರೆ ಮುರಿದಿದ್ರೆ ನಟ್ಟು ತಿರುಗಿದೆ, ಪಾನಾ ಹಚ್ಚಿ ನೋಡೋದೇ ಬೇಡ, ದೂರದಿಂದಲೇ ಗೊತ್ತಾಗುತ್ತೆ. ಸಸ್ಪೆನ್ಷನ್ ತುದಿಯಲ್ಲಿರೋ ರಾಡ್ ಎಂಡ್, ಅಂದ್ರೆ ಗುಂಡು ಕೂತಿರೋ ಆ ಜಾಯಿಂಟು, ಅದನ್ನ ತಿಂಗಳಿಗೊಮ್ಮೆ ಕೈಯಲ್ಲಿ ಅಲ್ಲಾಡಿಸಿ ನೋಡಿ, ಟಕ್ ಅಂದ್ರೆ ಬದಲಿಸಿ. ಅದರ ಹೊರಬದಿಗೆ ಒಂದು ದೊಡ್ಡ ವಾಷರ್ ಹಾಕಿರಿ, ಒಳಗಿನ ಗುಂಡು ಕಳಚಿದ್ರೂ ತೋಳು ಪೂರ್ತಿ ಬಿಟ್ಟು ಹೋಗಲ್ಲ.

ಬ್ರೇಕ್ ಬ್ಲೀಡಿಂಗಿಗೆ, ಅಂದ್ರೆ ಬ್ರೇಕ್ ಪೈಪಿನ ಹಳೇ ಫ್ಲೂಯಿಡ್ ಮತ್ತು ಗಾಳಿ ಹೊರಗೆ ತೆಗೆಯೋಕೆ, ಇಬ್ಬರು ಬೇಕು, ಇಬ್ಬರ ನಡುವೆ ಜಗಳ ಇರಬಾರದು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ನೀರು ಸೇರಿದ ಮೇಲೆ 155ಕ್ಕೆ ಇಳಿಯುತ್ತೆ, ಘಾಟ್ ಇಳಿಯುವಾಗ ಪೆಡಲ್ ಮೆತ್ತಗಾಗೋದು ಇದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತಾರೆ, ಈ ಕಡೆಯ ಮಳೆಗೆ ನಾವು ಪ್ರತಿ ದಸರಾಕ್ಕೆ ಬದಲಿಸ್ತೀವಿ, ಆಯುಧ ಪೂಜೆಯ ಹಿಂದಿನ ದಿನ. ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳೋ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು. ಚಕ್ರದ ಹತ್ರ ಫ್ಲೂಯಿಡ್ ಹೊರಬಿಡೋ ನಿಪ್ಪಲ್ಲಿಗೆ ಮೊದಲು ರಿಂಗ್ ಪಾನಾ ಹಾಕಿ, ಆಮೇಲೆ ಪಾರದರ್ಶಕ ಪೈಪು, ಅದರ ಇನ್ನೊಂದು ತುದಿ ಸ್ವಲ್ಪ ಹೊಸ ಫ್ಲೂಯಿಡ್ ಹಾಕಿದ ಬಾಟಲಿಯಲ್ಲಿ ಮುಳುಗಿರಲಿ. ಕೆಳಗಿನಿಂದ ಕಾಕಾ "ಒತ್ತ" ಅಂತಾರೆ, ನಾನು ಒತ್ತಿ ಹಿಡೀತೀನಿ, ಅವರು ಕಾಲು ಸುತ್ತು ಸಡಿಲಿಸ್ತಾರೆ, ಪೆಡಲ್ ನೆಲಕ್ಕಿಳಿಯುತ್ತೆ, ಅವರು ಟೈಟ್ ಮಾಡಿ "ಬಿಡ" ಅನ್ನೋವರೆಗೆ ನಾನು ಕಾಲು ಎತ್ತೋ ಹಾಗಿಲ್ಲ, ಎತ್ತಿದ್ರೆ ಗಾಳಿ ವಾಪಸ್ ಒಳಗೆ. ಮೊದಲು ಬರೋದು ಬೆಲ್ಲದ ಚಹಾ ಬಣ್ಣ, ನಡುನಡುವೆ ಗುಳ್ಳೆ, ಹತ್ತು ಹದಿನೈದು ಸಲ ಒತ್ತಿದ ಮೇಲೆ ತಿಳಿ ಹಳದಿ ಬರುತ್ತೆ, ಗುಳ್ಳೆ ನಿಲ್ಲುತ್ತೆ. ಈ ಮಧ್ಯೆ ಮೇಲಿನ ಡಬ್ಬಿ ಖಾಲಿ ಆಗೋಕೆ ಬಿಡ್ಬೇಡಿ, ಖಾಲಿ ಆದ್ರೆ ಮತ್ತೆ ಮೊದಲಿಂದ. ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರು ಸುರೀರಿ, ಇಲ್ಲಾಂದ್ರೆ ಪೇಂಟ್ ಎದ್ದು ಬರುತ್ತೆ. ಡಾಟ್ 5 ಸಿಲಿಕೋನ್‌ದು, ಅದನ್ನ ಇದಕ್ಕೆ ಬೆರೆಸೋ ಹಾಗಿಲ್ಲ, ವರ್ಷದಿಂದ ಮುಚ್ಚಳ ತೆಗೆದಿಟ್ಟ ಬಾಟಲಿದೂ ಬೇಡ.

ಕರೆಂಟಿನ ತೊಂದರೆಗೆ ಈ ಗಾಡಿಯಲ್ಲಿ ಹತ್ತಕ್ಕೆ ಒಂಬತ್ತು ಸಲ ಒಂದೇ ಕಾರಣ, ಅರ್ಥಿಂಗ್. ಮಾಮೂಲಿ ಕಾರಲ್ಲಿ ತಗಡಿನ ಬಾಡಿಯೇ ನೆಗೆಟಿವ್ ವೈರಿನ ಕೆಲಸ ಮಾಡುತ್ತೆ. ಫೈಬರ್‌ಗೆ ಆ ಬುದ್ಧಿ ಇಲ್ಲ, ಪ್ರತಿ ಲೈಟಿನಿಂದಲೂ ಒಂದು ಕಪ್ಪು ವೈರು ಚಾಸಿವರೆಗೆ ಬರಬೇಕು. ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟ್ ಮಿಣಮಿಣ ಅಂತಿದ್ರೆ ಬಲ್ಬ್ ಬದಲಿಸೋಕೆ ಹೋಗ್ಬೇಡಿ. ಲೈಟ್ ಹಾಕಿಟ್ಟು ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಹೋಲ್ಡರಿನ ಅರ್ಥ್‌ಗೆ ಹಿಡೀರಿ, 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಕಳ್ಳ ಅಲ್ಲೇ ಇದಾನೆ. ಪೌಡರ್ ಕೋಟಿಂಗ್ ಕೆರೆದು ಬರಿ ಕಬ್ಬಿಣ ಕಾಣಿಸಿ ವೈರ್ ಕಟ್ಟಿ, ಮೇಲೆ ಗ್ರೀಸ್ ಸವರಿ. ಮೀಟರು, ಹೀಟ್ ಶ್ರಿಂಕು, ರಿಲೇ ಎಲ್ಲ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಗುತ್ತೆ, ಗಾಡಿ ನಿಲ್ಲಿಸೋಕೆ ಜಾಗ ಮಾತ್ರ ಸಿಗಲ್ಲ.

ಫೈಬರ್ ಬಿರುಕಿಗೆ ಜಾಸ್ತಿ ಹೇಳಲ್ಲ. ಬೋಲ್ಟ್ ಬಿಗಿಯಾಗಿ ತಿರುಗಿಸಿದ್ದೇ ಬಿರುಕಿಗೆ ಕಾರಣ ಆಗಿರುತ್ತೆ, ದೊಡ್ಡ ವಾಷರ್ ಕೆಳಗೆ ರಬ್ಬರ್ ಹಾಕಿ. ಒಳಬದಿಯಿಂದ ಉಜ್ಜಿ ಮ್ಯಾಟ್ (ಗಾಜಿನ ನಾರಿನ ಹಾಳೆ) ಮತ್ತು ರೆಸಿನ್ (ಅದನ್ನ ಹಿಡಿದಿಡೋ ಅಂಟು) ಹಚ್ಚಬೇಕು, ಮಾಸ್ಕ್ ಹಾಕ್ಕೊಳ್ಳಿ. ಒಂದು ಎಚ್ಚರಿಕೆ: ರೆಸಿನ್ ಗಟ್ಟಿ ಮಾಡೋಕೆ ಹಾಕೋ ಹಾರ್ಡನರ್ ಮತ್ತು ಕೋಬಾಲ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದ್ರೆ ಸಿಡಿಯಬಹುದು, ಕೋಬಾಲ್ಟನ್ನ ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ ಆಮೇಲೆ ಹಾರ್ಡನರ್.

ವೀಲ್ ಅಲೈನ್‌ಮೆಂಟಿಗೆ, ಅಂದ್ರೆ ಚಕ್ರ ನೇರ ಮಾಡಿಸೋಕೆ, ಈ ಗಾಡಿ ತಗೊಂಡು ಹೋದ್ರೆ ಅಂಗಡಿಯವರು ಕಂಪ್ಯೂಟರಲ್ಲಿ ಮಾಡಲ್ ಹೆಸರು ಹುಡುಕ್ತಾ ಕೂರ್ತಾರೆ. ನಾವು ಗಾರೆ ಕೆಲಸದವರ ದಾರದಲ್ಲಿ ಮಾಡ್ತೀವಿ. ಸಮತಟ್ಟಾದ ನೆಲ, ಸ್ಟೀರಿಂಗ್ ನೇರ, ಡ್ರೈವರ್ ಸೀಟಲ್ಲಿ ನಿಮ್ಮ ತೂಕದ ಸಿಮೆಂಟ್ ಚೀಲ. ಎರಡೂ ಬದಿಗೆ ಚಕ್ರದ ನಡುಮಟ್ಟದಲ್ಲಿ ದಾರ ಎಳೆದು, ಗಾಡಿಯ ನಡುಗೆರೆಗೆ ಎರಡೂ ದಾರ ಸಮದೂರ ಇರೋ ಹಾಗೆ ಕಟ್ಟಿ. ಆಮೇಲೆ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಅಂತ ಸ್ಟೀಲ್ ಸ್ಕೇಲಲ್ಲಿ ಅಳೀರಿ. ಮುಂದಿನದು ಒಂದು ಎಂಎಂ ಜಾಸ್ತಿ ಬಂದ್ರೆ ಚಕ್ರ ಅಷ್ಟು ಒಳಗೆ ನೋಡ್ತಿದೆ ಅಂತ, ನಮ್ಮ ಗಾಡಿಗೆ ಅಷ್ಟು ಸಾಕು. ಸ್ಟೀರಿಂಗನ್ನ ಚಕ್ರಕ್ಕೆ ಜೋಡಿಸೋ ಟೈ ರಾಡ್ ಕಾಲು ಸುತ್ತು ತಿರುಗಿಸಿ, ಗಾಡಿ ಹಿಂದೆ ಮುಂದೆ ಒಂದು ಸಲ ತಳ್ಳಿ, ಮತ್ತೆ ಅಳೀರಿ. ದಾರ ಮುಟ್ಟಿದ್ರೆ ಮುಗೀತು, ಮತ್ತೆ ಶುರುವಿಂದ, ಅದಕ್ಕೇ ಆ ದಿನ ಕಾಕಾ ಮೊಮ್ಮಗನನ್ನ ಶೆಡ್ ಒಳಗೆ ಬಿಡಲ್ಲ.

ತೆಗೆದ ಹಳೇ ಇಂಜಿನ್ ಆಯಿಲನ್ನ ಗಟಾರಕ್ಕೆ ಸುರೀಬೇಡಿ, ಕ್ಯಾನಲ್ಲಿ ತುಂಬಿ ಗ್ಯಾರೇಜಿನವರ ಡ್ರಮ್ಮಿಗೆ ಕೊಡಿ. ನನ್ನ ಥರ ಸೊಸೈಟಿ ಪಾರ್ಕಿಂಗಲ್ಲಿ ಕೆಲಸ ಮಾಡೋರು ಕೆಳಗೆ ರಟ್ಟು ಹಾಸಿ, ಟೈಲ್ಸ್ ಮೇಲೆ ಒಂದು ಹನಿ ಬಿದ್ರೂ ಸೆಕ್ರೆಟರಿ ಮೀಟಿಂಗ್ ಕರೀತಾರೆ. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ಕಿಲೋಮೀಟರ್ ಆಗ್ತಿದ್ದ ಹಾಗೆ ನಟ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಚ್ಚಿ. ಹೋದ ಸಲ ತೋಟದಲ್ಲಿ ಹಾಗೆ ಹಚ್ಚಿ ನೋಡಿದಾಗ ಎಡಗಡೆ ಹಿಂದಿನ ಚಕ್ರದ ಒಂದು ನಟ್ಟು ಟಿಕ್ ಅನ್ನೋ ಮುಂಚೆ ಅರ್ಧ ಸುತ್ತು ತಿರುಗಿತು. ಕಾಕಾ ಏನೂ ಮಾತಾಡ್ಲಿಲ್ಲ, ಜಾತಕ ತೆಗೆದು ತಾರೀಖು ಬರ್ಕೊಂಡ್ರು.