ಹೆಗಲು ಹಿಡಿದಾಗ: ಚೀನೀ ಒತ್ತುಬಿಂದುಗಳು ಮತ್ತು ಹಗುರ ವ್ಯಾಯಾಮ

ಹೆಗಲ ಕೀಲು ಬಿಗಿದು ತೋಳು ಆಡದಂತಾಗುವ ಫ್ರೋಜನ್ ಶೋಲ್ಡರ್ ಹೆಚ್ಚಾಗಿ ಬರುವುದು 40ರಿಂದ 60ರ ವಯಸ್ಸಿನಲ್ಲಿ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಇದರ ಕಾಟ ಜಾಸ್ತಿ. ಕೀಲನ್ನು ಸುತ್ತಿರುವ ಪೊರೆ ಊದಿಕೊಂಡು, ದಪ್ಪಗಾಗಿ, ಕೊನೆಗೆ ಕುಗ್ಗುತ್ತದೆ.

ಮೊದಲು ಅದೇ ಹೌದೋ ಎಂದು ನೋಡಿಕೊಳ್ಳಿ. ಮೊಣಕೈಯನ್ನು ಮಡಚಿ ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ನಿಮ್ಮಿಂದಲೂ ಆಗದೆ, ಇನ್ನೊಬ್ಬರು ಮೆಲ್ಲಗೆ ತಿರುಗಿಸಿದರೂ ಅಲ್ಲೇ ನಿಂತರೆ ಪೊರೆಯ ಬಿಗಿತವಿರಬಹುದು. ಬೇರೆಯವರು ಎತ್ತಿದರೆ ಸಲೀಸಾಗಿ ಏಳುವ ಕೈ ನೀವು ಎತ್ತಿದರೆ ಏಳದಿದ್ದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿದಿರುವ ಸಾಧ್ಯತೆ ಹೆಚ್ಚು. ಏನೇ ಇದ್ದರೂ ಒಮ್ಮೆ ಮೂಳೆ ವೈದ್ಯರಿಗೆ ತೋರಿಸಿ. ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆಗಿನ ನೋವು ಮನೆಮದ್ದಿಗಲ್ಲ. ಎದೆ ಹಿಂಡಿ ಬೆವರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ದಿನವೂ ಶಾಖದಿಂದ ಶುರುಮಾಡಿ: ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್, 10–15 ನಿಮಿಷ. ಸಕ್ಕರೆ ಕಾಯಿಲೆಯಿಂದ ಚರ್ಮ ಮರಗಟ್ಟಿದ್ದರೆ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಲಿ.

ಆಮೇಲೆ ಒತ್ತುಬಿಂದುಗಳು, ಅಂದರೆ ಚೀನೀ ವೈದ್ಯದಲ್ಲಿ ನೋವಿಗೆಂದು ಬೆರಳಿನಿಂದ ಒತ್ತುವ ಜಾಗಗಳು. ತೋಳನ್ನು ಪಕ್ಕಕ್ಕೆ ಎತ್ತಿದಾಗ ಹೆಗಲ ತುದಿಯಲ್ಲಿ ಎರಡು ಗುಳಿ ಬೀಳುತ್ತವೆ. ಮುಂದಿನದು ಜಿಯಾನ್‌ಯು, ಹಿಂದಿನದು ಜಿಯಾನ್‌ಲಿಯಾವ್. ನೋವಿನ ತೋಳು ಅಷ್ಟು ಏಳದಿದ್ದರೆ ಇನ್ನೊಂದು ಹೆಗಲಲ್ಲಿ ಗುರುತಿಸಿಕೊಂಡು ಇಲ್ಲಿ ಹುಡುಕಿ. ತೋಳು ಇಳಿಬಿಟ್ಟಾಗ ಕಂಕುಳಿನ ಹಿಂಮಡಿಕೆಯ ತುದಿಯಿಂದ ಒಂದು ಹೆಬ್ಬೆರಳಗಲ ಮೇಲಿರುವುದು ಜಿಯಾನ್‌ಝೆನ್. ಪ್ರತಿಯೊಂದನ್ನೂ ಒಂದು ನಿಮಿಷ ಸಣ್ಣ ಸುತ್ತಿನಲ್ಲಿ ಒತ್ತಿ. ಮಂದವಾದ ಭಾರ ಅನಿಸಬೇಕು, ಚುಚ್ಚಬಾರದು.

ವಿಚಿತ್ರವೆನಿಸಿದರೂ ಚೀನೀ ವೈದ್ಯರು ಹೆಗಲಿಗೆ ಬಹಳ ಬಳಸುವ ಬಿಂದು ಕಾಲಿನಲ್ಲಿದೆ. ಮಂಡಿಗೂ ಪಾದದ ಮೇಲಿನ ಹೊರ ಹರಡಿಗೂ ನಡುಮಧ್ಯ, ಮಂಡಿಯ ಕೆಳಗೆ ಕಾಲಿನ ಮುಂದಿರುವ ಉದ್ದ ಮೂಳೆಯ ಅಂಚಿನಿಂದ ಒಂದು ಬೆರಳಗಲ ಹೊರಗೆ: ಟಿಯಾವ್‌ಕೌ. ಅದನ್ನು ಒತ್ತಿ ಹಿಡಿದೇ ನೋವಿನ ತೋಳನ್ನು ನಿಧಾನವಾಗಿ ಆಡಿಸಬೇಕು. ಇದೆಲ್ಲ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಹುದು. ಕುಗ್ಗಿದ ಪೊರೆ ಇದರಿಂದ ಸಡಿಲವಾಗುವುದಿಲ್ಲ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಕೊಳ್ಳಬೇಕು.

ರಾತ್ರಿ ನಿದ್ದೆಗೆಡಿಸುವ ಮೊದಲ ತಿಂಗಳುಗಳಲ್ಲಿ ತೂಗಾಟವೇ ಮುಖ್ಯ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಬಗ್ಗಿ, ನೋವಿನ ತೋಳನ್ನು ಜೋತುಬಿಡಿ. ತೂಗಬೇಕಾದ್ದು ಮೈ, ತೋಳು ಸುಮ್ಮನೆ ಹಿಂಬಾಲಿಸಬೇಕು. ಊಟದ ತಟ್ಟೆಯಷ್ಟು ಸುತ್ತು, ಎರಡೂ ದಿಕ್ಕಿಗೆ 10, ದಿನಕ್ಕೆ ಮೂರು ಸಲ.

ನೋವು ತಗ್ಗಿ ಬಿಗಿತ ಉಳಿದ ಮೇಲೆ ಗೋಡೆ ಹತ್ತಿಸಿ. ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸಿ, ತಲುಪಿದಲ್ಲಿ ಪೆನ್ಸಿಲ್ ಗುರುತು ಹಾಕಿ, 10 ಸಲ. ಹೆಚ್ಚಿನವರು ಹೆಗಲನ್ನು ಕಿವಿಗೆ ಏರಿಸಿ, ಬೆನ್ನು ಹಿಂದಕ್ಕೆ ಬಾಗಿಸಿ ಎತ್ತರ ಗಿಟ್ಟಿಸುತ್ತಾರೆ. ಗುರುತು ಏರುತ್ತದೆ, ಕೀಲು ಮಾತ್ರ ಬಿಡುವುದಿಲ್ಲ. ಇನ್ನೊಂದು, ಅಂಗಾತ ಮಲಗಿ ಮೊಣಕೈ ಮಡಚಿ ಪಕ್ಕೆಗೆ ಇಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು ಒಳ್ಳೆಯ ಕೈಯಿಂದ ಇನ್ನೊಂದನ್ನು ಹೊರಕ್ಕೆ ತಳ್ಳುವುದು: 20 ಸೆಕೆಂಡು, ಐದು ಸಲ. ಮೊದಲು ಹೋಗುವುದು ಈ ಚಲನೆಯೇ, ಹಾಗಾಗಿ ಇದನ್ನು ಬಿಡಬೇಡಿ.

ವ್ಯಾಯಾಮದ ನೋವು ಒಂದು ಗಂಟೆಯೊಳಗೆ ಇಳಿಯದಿದ್ದರೆ ಮರುದಿನ ಅರ್ಧಕ್ಕೆ ಇಳಿಸಿ. ಯಾರಿಂದಲೂ ಜಗ್ಗಿಸಿಕೊಳ್ಳಬೇಡಿ, ಉರಿಯುತ್ತಿರುವ ಪೊರೆ ಇನ್ನಷ್ಟು ಕೆರಳುತ್ತದೆ.

ಸೂಜಿ ಚಿಕಿತ್ಸೆ (ಅಕ್ಯುಪಂಕ್ಚರ್) ಬೇಕೆಂದರೆ ತರಬೇತಿ ಪಡೆದವರಲ್ಲಿ, ಪ್ರತಿ ಸಲ ಹೊಸ ಸೂಜಿಯಲ್ಲಿ ಮಾತ್ರ. ಚೀನೀ ಗಿಡಮೂಲಿಕೆಗಳನ್ನು ಆನ್‌ಲೈನಿನಲ್ಲಿ ತರಿಸಿ ಕುಡಿಯಬೇಡಿ. ನೋವಿಗೆಂದು ಕೊಡುವ ಕೆಲವದರಲ್ಲಿ ವತ್ಸನಾಭಿ ಜಾತಿಯ ಬೇರಿರುತ್ತದೆ, ಅದು ಹೃದಯದ ಬಡಿತವನ್ನೇ ಕೆಡಿಸೀತು. ರಕ್ತ ತೆಳುಗೊಳಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಡಾಂಗ್‌ಗುಯಿ ಎಂಬ ಚೀನೀ ಮೂಲಿಕೆಯ ಬೇರೂ ಬೇಡ.

ಪೂರ್ತಿ ಸಡಿಲವಾಗಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಆರೆಂಟು ವಾರವಾದರೂ ನಿದ್ದೆ ಬಾರದಿದ್ದರೆ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಅದಾದ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ, ಮಧುಮೇಹಿಗಳು ಆಗ ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕು.