ಕಲ್ಲಿನ ದೂಳಿನಲ್ಲಿ ಸಿಲಿಕಾ ಎಷ್ಟಿದೆ? ಅಳೆಯುವುದು ಹೀಗೆ

ಗ್ರಾನೈಟ್ ಕಟಿಂಗ್ ಶೆಡ್ಡಿಗೆ ಹೋಗಿ ಬಂದರೆ ಅಂಗಿ ಮೇಲೆ ಬಿಳಿ ದೂಳು ಕೂತಿರುತ್ತದೆ, ಅಲ್ವಾ? ಅದನ್ನು ಕೊಡವಬಹುದು. ಕಣ್ಣಿಗೆ ಕಾಣದ ಸಣ್ಣ ದೂಳು ಮಾತ್ರ ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಅದರಲ್ಲಿರುವ ಹರಳು ರೂಪದ ಸಿಲಿಕಾದಿಂದ, ಅಂದರೆ ಕ್ವಾರ್ಟ್ಜ್‌ನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ ಮನೆಗಳಿಗೆ ಈ ಕಾಯಿಲೆ ಹೊಸದಲ್ಲ. ಬಂದ ಮೇಲೆ ವಾಸಿಯಾಗುವುದಿಲ್ಲ, ಹಾಗಾಗಿ ಮೊದಲೇ ಅಳೆಯಬೇಕು.

ಮೊದಲು ಗಾಳಿ ಹಿಡಿಯಿರಿ. ಕೆಲಸಗಾರರ ಸೊಂಟಕ್ಕೆ ಸಣ್ಣ ಪಂಪ್, ಕಾಲರಿಗೆ ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ದಪ್ಪ ದೂಳು ಬೇರ್ಪಡಿಸುವ ಪುಟ್ಟ ಸಾಧನ) ಮತ್ತು ಪಿವಿಸಿ ಫಿಲ್ಟರ್. ನೈಲಾನ್ ಸೈಕ್ಲೋನ್ ಆದರೆ ನಿಮಿಷಕ್ಕೆ 1.7 ಲೀಟರ್ ಗಾಳಿ ಎಳೆಯಲಿ. ದಪ್ಪ ದೂಳು ಸೈಕ್ಲೋನಿನ ತಳದ ಡಬ್ಬಿಗೆ ಬೀಳುತ್ತದೆ, ಸಣ್ಣದು ಫಿಲ್ಟರಿಗೆ ಹೋಗುತ್ತದೆ. ಬಿಚ್ಚುವಾಗ ತಲೆಕೆಳಗೆ ಮಾಡಬೇಡಿ, ತಳದ ದೂಳೆಲ್ಲ ಫಿಲ್ಟರಿಗೆ ಸುರಿದು ಇಡೀ ದಿನದ ಕೆಲಸ ಹಾಳಾಗುತ್ತದೆ. ಗಾಳಿ ಎಳೆಯದ ಒಂದು ಖಾಲಿ ಫಿಲ್ಟರನ್ನೂ ಹೋಲಿಸಿ ನೋಡಲು ಜೊತೆಗೆ ಲ್ಯಾಬಿಗೆ ಕಳಿಸಿ.

ಲ್ಯಾಬಿನಲ್ಲಿ ಫಿಲ್ಟರನ್ನು 600 ಡಿಗ್ರಿಯಲ್ಲಿ ಸುಟ್ಟು, ಉಳಿದ ಬೂದಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಪುಡಿಯ ಜೊತೆ ಅರೆದು, ಪ್ರೆಸ್ಸಿನಲ್ಲಿ ಒತ್ತಿ ಗುಂಡಗಿನ ಬಿಲ್ಲೆ ಮಾಡುತ್ತಾರೆ. ಪುಡಿ ಚೆನ್ನಾಗಿ ಒಣಗಿರಬೇಕು. ಮಳೆಗಾಲದಲ್ಲಿ ಅದು ತೇವ ಎಳೆದುಕೊಂಡರೆ ಗಾಜಿನಂತಿರಬೇಕಾದ ಬಿಲ್ಲೆ ಹಾಲಿನಂತೆ ಮಬ್ಬಾಗುತ್ತದೆ. ಹಾಗಾದರೆ ಎಸೆದು ಬೇರೆ ಮಾಡಿ.

ಈಗ ಇನ್‌ಫ್ರಾರೆಡ್ ಬೆಳಕು ಹಾಯಿಸಿ. ಬಿಲ್ಲೆ ಎಷ್ಟು ಬೆಳಕು ಹೀರಿತು ಅಂತ ತೋರಿಸುವ ಗ್ರಾಫಿನಲ್ಲಿ 798 ಮತ್ತು 780ರ ತರಂಗಸಂಖ್ಯೆಯ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಅನ್ನುವ ಲೆಕ್ಕ) ಹತ್ತಿರ ಜೋಡಿ ಕೋಡು ಎದ್ದರೆ ಅದು ಕ್ವಾರ್ಟ್ಜ್. 695ರಲ್ಲೂ ಒಂದು ಸಣ್ಣದು ಬರುತ್ತದೆ.

ತೂಕ ತಿಳಿದ ಕ್ವಾರ್ಟ್ಜ್ ಹಾಕಿ ಹಲವು ಬಿಲ್ಲೆ ಮಾಡಿ, ಕೋಡಿನ ಎತ್ತರಕ್ಕೂ ತೂಕಕ್ಕೂ ಗೆರೆ ಎಳೆದರೆ ಕ್ಯಾಲಿಬ್ರೇಶನ್ (ಕೋಡು ನೋಡಿ ತೂಕ ಹೇಳುವ ಅಳತೆಗೆರೆ) ಆಯಿತು ಅಂತ ಅನೇಕರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅಷ್ಟು ಸಾಲದು. ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್, ಅಭ್ರಕ ಇರುತ್ತವೆ, ಮಣ್ಣಿನ ದೂಳಿನಲ್ಲಿ ಕಯೋಲಿನ್ ಇರುತ್ತದೆ, ಅವುಗಳ ಕೋಡೂ ಅದೇ ಜಾಗಕ್ಕೆ ಬಂದು ಕೂರುತ್ತದೆ. ಅದಕ್ಕೇ ಇವನ್ನೆಲ್ಲ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಬಿಲ್ಲೆಗಳನ್ನೂ ಮಾಡಿ, ಒಂದು ಕೋಡಿನ ಬದಲು ಗ್ರಾಫಿನ ಅಗಲವಾದ ಭಾಗವನ್ನೇ ಪಾರ್ಶಿಯಲ್ ಲೀಸ್ಟ್ ಸ್ಕ್ವೇರ್ಸ್ ಅನ್ನುವ, ಬೆರೆತ ಕೋಡುಗಳಿಂದ ಕ್ವಾರ್ಟ್ಜ್ ಪಾಲನ್ನು ಬೇರ್ಪಡಿಸುವ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಕೊಡಬೇಕು. ಲೆಕ್ಕಕ್ಕೆ ಸೇರಿಸದ ಕೆಲವು ಬಿಲ್ಲೆಗಳನ್ನು ಎತ್ತಿಟ್ಟು, ಅವುಗಳ ಮೇಲೆ ಪರೀಕ್ಷೆ ಮಾಡಿ. ಅಲ್ಲಿ ತಪ್ಪಿದರೆ ಲೆಕ್ಕ ಸುಮ್ನೆ ಬಾಯಿಪಾಠ ಮಾಡಿದೆ ಅಂತ ಅರ್ಥ. ಕ್ವಾರ್ಟ್ಜ್ ಪುಡಿಯೂ ಉಸಿರಿಗೆ ಹೋಗುವಷ್ಟೇ ಸಣ್ಣದಿರಲಿ, ಕಣ ದಪ್ಪ ಆದರೆ ಕೋಡಿನ ಎತ್ತರ ಬದಲಾಗುತ್ತದೆ.

ಕೊನೆಗೆ ಭಾಗಾಕಾರ. 480 ನಿಮಿಷಕ್ಕೆ 816 ಲೀಟರ್, ಅಂದರೆ 0.816 ಘನ ಮೀಟರ್ ಗಾಳಿ. ಫಿಲ್ಟರಿನಲ್ಲಿ 60 ಮೈಕ್ರೋಗ್ರಾಂ ಕ್ವಾರ್ಟ್ಜ್ ಸಿಕ್ಕರೆ ಘನ ಮೀಟರಿಗೆ ಸುಮಾರು 74. ಅಮೆರಿಕದಲ್ಲಿ 8 ಗಂಟೆಯ ಮಿತಿ 50. ಇದು ಜಾಸ್ತಿ. ಬ್ಲೇಡಿಗೆ ನೀರು ಬಿಟ್ಟು ಕೊಯ್ಯಿಸಿ, ಅದೇ ಕೆಲಸಗಾರರ ಕಾಲರಿಗೆ ಮತ್ತೆ ಫಿಲ್ಟರ್ ಹಾಕಿ.