ಫಾರ್ಮ್ಯಾಟ್ ಹೊಡೆಸುವ ಮೊದಲು ಹಾರ್ಡ್ ಡಿಸ್ಕ್ ನೋಡಿ

"ಸಿಸ್ಟಂ ಸುಮ್ಸುಮ್ನೆ ಹ್ಯಾಂಗ್ ಆಗ್ತಿದೆ ಸರ್, ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿಕೊಡಿ." ತುಮಕೂರಿನ ಯಾವುದೇ ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯ ಹುಡುಗನೂ ಮರುಮಾತಾಡದೆ ಹೊಡೆದುಕೊಡುತ್ತಾನೆ. ಒಂದೆರಡು ವಾರ ಚೆನ್ನಾಗಿ ಓಡುತ್ತದೆ. ಆಮೇಲೆ ಮತ್ತೆ ಅದೇ ನೀಲಿ ಪರದೆ. ಅಷ್ಟು ಹೊತ್ತಿಗೆ ಹಳೆಯ ಫೈಲುಗಳೂ ಇರುವುದಿಲ್ಲ, ಡಿಸ್ಕೂ ಕೈಕೊಟ್ಟಿರುತ್ತದೆ.

ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೆಡುವುದೇ. ಆದರೆ ಮೊದಲು ರಿಪೇರಿ, ಆಮೇಲೆ ಫೈಲು ಎಂದು ಹೊರಟವರೇ ಜಾಸ್ತಿ ಕಳೆದುಕೊಳ್ಳುತ್ತಾರೆ. ಸರದಿ ತಿರುಗಿಸಿ. ಮೊದಲು ಫೈಲು, ಉಳಿದದ್ದೆಲ್ಲ ಆಮೇಲೆ.

ಹೆಜ್ಜೆ 1: ಡಿಸ್ಕಿನ ಮೇಲೆ ಅನುಮಾನ ಪಡಬೇಕೇ?

ಮೌಸ್ ಅಲ್ಲಾಡುತ್ತದೆ, ಆದರೆ ಯಾವ ಫೋಲ್ಡರೂ ತೆರೆಯುವುದಿಲ್ಲ. ಕ್ಯಾಬಿನೆಟ್ಟಿನ ಕೆಂಪು ದೀಪ ಮಿಣುಕುವುದು ಬಿಟ್ಟು ಒಂದೇ ಸಮನೆ ಉರಿಯುತ್ತದೆ. ನೀಲಿ ಪರದೆಯಲ್ಲಿ "ಕರ್ನಲ್ ಡೇಟಾ ಇನ್‌ಪೇಜ್ ಎರರ್" ಎಂದು ಬರುತ್ತದೆ. ನಿನ್ನೆ ತೆರೆದ ಫೋಟೊ ಇವತ್ತು ಅರ್ಧ ಬೂದು ಬಣ್ಣ. ಇವೆಲ್ಲ ಡಿಸ್ಕಿನ ಕಡೆಗೇ ಬೆರಳು ತೋರಿಸುತ್ತವೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಆರಿಸಿ. 100% ಕಂಡ ಕೂಡಲೇ ಗಾಬರಿ ಬೇಡ. ಹಳೆ ಡಿಸ್ಕಿನ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದ್ದರೂ 100% ಬರುತ್ತದೆ. ನೋಡಬೇಕಾದ್ದು ಆವರೇಜ್ ರೆಸ್ಪಾನ್ಸ್ ಟೈಮ್. ಆರೋಗ್ಯವಾಗಿರುವ ಡಿಸ್ಕಿಗೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಸಾಕು, ಕೆಲಸ ಜಾಸ್ತಿ ಇದ್ದಾಗ ಇನ್ನಷ್ಟು ಏರಬಹುದು. ಓದುವ ವೇಗ ಸೊನ್ನೆಯ ಹತ್ತಿರವಿದ್ದು ಈ ಅಂಕಿ ಸಾವಿರಗಟ್ಟಲೆ ಇದ್ದರೆ ಡಿಸ್ಕ್ ಒಂದೇ ಜಾಗವನ್ನು ಓದಲು ಮತ್ತೆ ಮತ್ತೆ ಒದ್ದಾಡುತ್ತಿದೆ ಎಂದರ್ಥ.

ಟಕ್ ಟಕ್ ಸದ್ದು ಬರುತ್ತಿದೆಯೇ? ಹಾಗಾದರೆ ಮುಂದಿನ ಹೆಜ್ಜೆ ಓದುತ್ತಾ ಕೂರಬೇಡಿ. ಈಗಲೇ ಆಫ್ ಮಾಡಿ. ಒಳಗೆ ತಿರುಗುವ ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಓದುವ ಹೆಡ್ ತೇಲುತ್ತಿರುತ್ತದೆ. ಕೆಟ್ಟ ಹೆಡ್ ತಟ್ಟೆಗೆ ತಾಗಿ ಗೀರಿದರೆ ಆ ಜಾಗದ ಫೈಲು ಯಾರ ಕೈಗೂ ಸಿಗುವುದಿಲ್ಲ. "ಇನ್ನೊಂದ್ಸಲ ಆನ್ ಮಾಡಿ ನೋಡೋಣ" ಎನ್ನುವ ಪ್ರತಿ ಸಲವೂ ಆ ಅಪಾಯ ಇದ್ದೇ ಇದೆ.

ಹೆಜ್ಜೆ 2: ಸ್ಮಾರ್ಟ್ ವರದಿ ಓದಿ

ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೇ ಸ್ಮಾರ್ಟ್ ಎನ್ನುವುದು. ಅದನ್ನು ಓದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಕು, ಬಿಟ್ಟಿ ಸಿಗುತ್ತದೆ. ಪಟ್ಟಿಯಲ್ಲಿ ಮೂರೇ ಸಾಲು ನೋಡಿ: 05, ಸಿ5, ಸಿ6. ಕೆಟ್ಟ ಜಾಗ ಬಿಟ್ಟು ಬದಲಿ ಜಾಗ ಕೊಟ್ಟದ್ದರ ಲೆಕ್ಕ 05. ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳು ಸಿ5. ತಪಾಸಣೆಯಲ್ಲಿ ಓದಲಾಗದೇ ಹೋದವು ಸಿ6. ಮೂರರ ಮುಂದೆಯೂ ಸೊನ್ನೆ ಇರಬೇಕು.

ಇಲ್ಲೊಂದು ಎಡವಟ್ಟಿದೆ. ಈ ತಂತ್ರಾಂಶ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಸಿ5 ಮುಂದೆ 18 ಎಂದು ಕಂಡರೆ ಅದು ಹದಿನೆಂಟಲ್ಲ, ಇಪ್ಪತ್ನಾಲ್ಕು. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ಗೆ ಹೋಗಿ ರಾ ವ್ಯಾಲ್ಯೂಸ್ ಅನ್ನು ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ.

ನೀಲಿ ಬಣ್ಣದಲ್ಲಿ "ಗುಡ್" ಎಂದು ಬಂತು ಅಂತ ನಿಶ್ಚಿಂತೆಯಿಂದ ಇರಬೇಡಿ. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿತು. ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕ್‌ಗಳು ಮುಖ್ಯವಾದ ನಾಲ್ಕು ಎಚ್ಚರಿಕೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಸ್ಮಾರ್ಟ್ "ಕೆಟ್ಟಿದೆ" ಅಂದರೆ ನಂಬಿ. "ಚೆನ್ನಾಗಿದೆ" ಅಂದರೆ ಅರ್ಧ ನಂಬಿ. ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಫೈಲು ಇಡುವ ಎಸ್‌ಎಸ್‌ಡಿಗಳಂತೂ ಸದ್ದಿಲ್ಲದೆ, ಮುನ್ಸೂಚನೆ ಇಲ್ಲದೆ ಒಂದು ಬೆಳಿಗ್ಗೆ ಕಾಣದೇ ಹೋಗುವುದುಂಟು.

ಹೆಜ್ಜೆ 3: ಫೈಲು ಹೊರಗೆ ತೆಗೆಯುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಅನುಮಾನ ಇರುವ ಡಿಸ್ಕಿನಿಂದ ವಿಂಡೋಸ್ ಶುರು ಮಾಡಬೇಡಿ. ನೀವು ಏನೂ ಮಾಡದಿದ್ದರೂ ವಿಂಡೋಸ್ ಅದರ ಮೇಲೆ ಬರೆಯುತ್ತಲೇ ಇರುತ್ತದೆ. ಎರಡು ದಾರಿ ಇವೆ. ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕನೆಕ್ಟರ್‌ನಲ್ಲಿ ಬೇರೆ ಕಂಪ್ಯೂಟರಿಗೆ ಹಾಕುವುದು ಒಂದು. ಪೆನ್‌ಡ್ರೈವ್‌ನಿಂದ ಉಬುಂಟು, ಅಂದರೆ ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್, ಓಡಿಸುವುದು ಇನ್ನೊಂದು. ಇದರಲ್ಲಿ "ಟ್ರೈ" ಆಯ್ಕೆ ಒತ್ತಬೇಕು, "ಇನ್‌ಸ್ಟಾಲ್" ಅಲ್ಲ. ನನ್ನ ಮತ ಉಬುಂಟುವಿಗೆ. ವಿಂಡೋಸ್ ಆದರೆ ಡಿಸ್ಕ್ ಕಂಡ ಕೂಡಲೇ "ಸ್ಕ್ಯಾನ್ ಮಾಡಲೇ, ಫಾರ್ಮ್ಯಾಟ್ ಮಾಡಲೇ" ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ಓಕೆ ಒತ್ತಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಕನೆಕ್ಟರ್ ಕೊಳ್ಳುವಾಗ ಒಂದು ಮಾತು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ ಕರೆಂಟ್ ಸಾಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟಿನ ಬೇರೆ ಅಡಾಪ್ಟರ್ ಇರಲೇಬೇಕು. ಅದಿಲ್ಲದ ಅಗ್ಗದ ವೈರ್ ತಂದು "ಡಿಸ್ಕ್ ಸತ್ತೇಹೋಗಿದೆ" ಎಂದು ಕೈಚೆಲ್ಲಿದವರೂ ಇದ್ದಾರೆ.

ಈಚಿನ ಲ್ಯಾಪ್‌ಟಾಪಾದರೆ ಬಿಟ್‌ಲಾಕರ್ ಬೀಗ ಬಿದ್ದಿರಬಹುದು. ಬೇರೆ ಕಡೆ ತೆರೆಯಲು 48 ಅಂಕಿಗಳ ಕೀಲಿ ಬೇಕು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಲಾಗಿನ್ ಆಗಿ ಬರೆದಿಟ್ಟುಕೊಳ್ಳಿ.

ಈಗ ಕಾಪಿ. ಇಡೀ ಡ್ರೈವ್ ಸೆಲೆಕ್ಟ್ ಮಾಡಿ ಎಳೆಯಬೇಡಿ. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಹೀಗೇ ಆಯಿತು. ಅಲ್ಲಿನ ಹುಡುಗ ಡಿ ಡ್ರೈವ್ ಪೂರ್ತಿ ಎಳೆದು ಊಟಕ್ಕೆ ಹೋಗಿದ್ದ. ಕಾಪಿ ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಸಾಗಿತ್ತು. "ಮೂವೀಸ್" ಫೋಲ್ಡರಿನ ಯಾವುದೋ ಸಿನಿಮಾ ಮೇಲೆ ಸಿಕ್ಕಿಕೊಂಡು ವೇಗ ಸೊನ್ನೆ ತೋರಿಸುತ್ತಾ ನಿಂತಿತ್ತು. ಮಂಡಿಯ ಲೆಕ್ಕಪತ್ರವಿದ್ದ "ಟ್ಯಾಲಿ" ಫೋಲ್ಡರಿನ ಸರದಿ ಬರುವ ಮೊದಲೇ ಡಿಸ್ಕ್ ನಿಂತುಹೋಯಿತು.

ಆದ್ದರಿಂದ ಮೊದಲು ಚಿಕ್ಕ, ಬೆಲೆಬಾಳುವ ಫೈಲುಗಳು. ಟ್ಯಾಲಿಯ ಡೇಟಾ ಫೋಲ್ಡರ್, ಅಂದರೆ ಅಂಕಿಗಳೇ ಹೆಸರಾಗಿರುವ ಆ ಫೋಲ್ಡರುಗಳು. ಎಕ್ಸೆಲ್, ವರ್ಡ್ ಫೈಲು. ನಮ್ಮವರು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಡುತ್ತಾರಲ್ವಾ, ಅದು ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಕೆಳಗಿರುತ್ತದೆ. ಡೌನ್‌ಲೋಡ್ಸ್ ಮರೆಯಬೇಡಿ. ಡಿಟಿಪಿ ಅಂಗಡಿಯವರು ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ತೆಗೆದುಕೊಳ್ಳಿ. ಹಳೆ ನುಡಿ ಫಾಂಟಿನಲ್ಲಿ ಮಾಡಿದ ಲಗ್ನಪತ್ರಿಕೆ ಆ ಫಾಂಟ್ ಇಲ್ಲದೆ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಆಮೇಲೆ ಫೋಟೊ, ಆಮೇಲೆ ವಿಡಿಯೊ. ಸಿನಿಮಾ ಬಿಡಿ, ಮತ್ತೆ ಸಿಗುತ್ತದೆ.

ಕಟ್ ಬೇಡ, ಕಾಪಿ ಮಾತ್ರ. ಒಂದೊಂದೇ ಫೋಲ್ಡರ್. ಎಲ್ಲಾದರೂ ಸಿಕ್ಕಿಕೊಂಡರೆ ಕ್ಯಾನ್ಸಲ್ ಮಾಡಿ, ಆ ಫೈಲಿನ ಹೆಸರು ಚೀಟಿಯಲ್ಲಿ ಬರೆದು ಮುಂದಕ್ಕೆ ಹೋಗಿ. ಮೊಂಡು ಫೈಲಿಗೆ ಕೊನೆಯಲ್ಲಿ ಬನ್ನಿ. ಡಿಸ್ಕನ್ನು ಮೇಜಿನ ಮೇಲೆ ಅಲ್ಲಾಡದಂತೆ ಇಡಿ, ಟೇಬಲ್ ಫ್ಯಾನ್ ತಿರುಗಿಸಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಕರೆಂಟ್ ಹೋಗಿ ಬಂದರೆ ನರಳುತ್ತಿರುವ ಡಿಸ್ಕ್ ಮತ್ತೆ ತಿರುಗದೇ ಹೋಗಬಹುದು.

ಫೋಲ್ಡರುಗಳೇ ತೆರೆಯದಿದ್ದರೆ ಡಿಡಿರೆಸ್ಕ್ಯೂ ಇದೆ, ಇಡೀ ಡಿಸ್ಕನ್ನು ಇನ್ನೊಂದು ಖಾಲಿ ಡಿಸ್ಕಿಗೆ ನಕಲು ಮಾಡುವ ತಂತ್ರಾಂಶ. ಸಿಸ್ಟಂ ರೆಸ್ಕ್ಯೂ ಎಂಬ ಲಿನಕ್ಸ್ ಪೆನ್‌ಡ್ರೈವ್‌ನಲ್ಲಿ ಸಿದ್ಧವಾಗಿಯೇ ಬರುತ್ತದೆ. ಇದು ಮೊದಲು ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುವುದರಿಂದ ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ಆದರೆ ಎಲ್ಲಿಂದ, ಎಲ್ಲಿಗೆ ಎಂಬುದನ್ನು ಅದಲುಬದಲು ಮಾಡಿದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಎರಡರ ಮಾಡೆಲ್ ನಂಬರು, ಸೈಜು ನೋಡಿ ಖಚಿತ ಮಾಡಿಕೊಳ್ಳದೆ ಎಂಟರ್ ಒತ್ತಬೇಡಿ. ಕಮಾಂಡ್ ಬರೆದು ಅಭ್ಯಾಸ ಇಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಟಕ್ ಟಕ್ ಸದ್ದಿನದು, ವಿಂಡೋಸ್‌ಗೂ ಮೊದಲು ಬರುವ ಬಯಾಸ್ ಪರದೆಯಲ್ಲೇ ಕಾಣದ್ದು, ನಮ್ಮ ನಿಮ್ಮ ಕೈಯ ಕೆಲಸವಲ್ಲ. ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿ ಲ್ಯಾಬ್‌ಗಳು ಬೆಂಗಳೂರಿನಲ್ಲಿವೆ. ದುಬಾರಿ, ಹಾಗಾಗಿ ಮೊದಲೇ ರೇಟ್ ಕೇಳಿ. ಮುಚ್ಚಳ ಬಿಚ್ಚಿ ನೋಡುತ್ತೇನೆ ಎನ್ನುವವನ ಕೈಗೆ ಮಾತ್ರ ಕೊಡಬೇಡಿ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಯೂಟ್ಯೂಬ್ ವೈದ್ಯವೂ ಬೇಡ, ಒಳಗೆ ತೇವ ಕಟ್ಟುತ್ತದೆ.

ಹೆಜ್ಜೆ 4: ಈಗ ಕಾರಣ ಹುಡುಕಿ

ಫೈಲು ಕೈಗೆ ಬಂದಮೇಲೆ ಧೈರ್ಯವಾಗಿ ಕೆದಕಬಹುದು. ಸ್ಮಾರ್ಟ್ ಪಟ್ಟಿಯ ಸಿ7, ಅಂದರೆ ಡೇಟಾ ಸಾಗಿಸುವಾಗ ಆದ ತಪ್ಪುಗಳ ಲೆಕ್ಕ, ಏರುತ್ತಿದ್ದು 05, ಸಿ5, ಸಿ6 ಸೊನ್ನೆ ಇದ್ದರೆ ಸಾಮಾನ್ಯವಾಗಿ ತಪ್ಪು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲಿನದು. ಹೊಸ ಕೇಬಲ್ ಹಾಕಿ. ಸಿ7 ಮತ್ತೆ ಇಳಿಯುವುದಿಲ್ಲ, ಏರುವುದು ನಿಂತಿತೇ ಎಂದಷ್ಟೇ ನೋಡಿ.

ವಿಂಡೋಸ್ ತನ್ನ ತೊಂದರೆಗಳನ್ನು ದಾಖಲಿಸುವ ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ಡಿಸ್ಕ್ ಹೆಸರಿನಲ್ಲಿ 7 ಎಂಬ ಸಂಖ್ಯೆ ಇದ್ದರೆ ಕೆಟ್ಟ ಬ್ಲಾಕ್, 153 ಇದ್ದರೆ ಓದು ಬರಹ ಮತ್ತೆ ಮತ್ತೆ ಮಾಡಬೇಕಾಯಿತು ಎಂದು. 41 ನೋಡಿ ಡಿಸ್ಕ್ ಬದಲಿಸಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅದರ ಅರ್ಥ. ಕರೆಂಟ್, ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ಪವರ್ ಪೆಟ್ಟಿಗೆ), ಬಿಸಿ, ಏನು ಬೇಕಾದರೂ ಆಗಿರಬಹುದು. ಡಿಸ್ಕ್ ಪೂರ್ತಿ ಶುದ್ಧವಾಗಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ರ್‍ಯಾಮ್ ನೋಡಿ.

ವಿಂಡೋಸಿನದೇ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಓಡಿಸುವುದಿದ್ದರೆ ಈಗ. ಮೊದಲೇ ಓಡಿಸುವುದು ಕಾಲು ಉಳುಕಿದವನನ್ನು ದೇವರಾಯನದುರ್ಗ ಹತ್ತಿಸಿದ ಹಾಗೆ. ಅದು ಡಿಸ್ಕಿನ ಮೂಲೆಮೂಲೆ ಓದಿಸುತ್ತದೆ, ಸರಿಮಾಡುತ್ತೇನೆಂದು ಬರೆಯುತ್ತಲೂ ಹೋಗುತ್ತದೆ. "ಬ್ಯಾಡ್ ಸೆಕ್ಟರ್ ರಿಪೇರಿ" ಎಂದು ದುಡ್ಡು ಕೇಳುವ ತಂತ್ರಾಂಶಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಸವೆದ ತಟ್ಟೆ ತಂತ್ರಾಂಶದಿಂದ ಹೊಸದಾಗುವುದಿಲ್ಲ.

ಹೆಜ್ಜೆ 5: ಬದಲಿಸಿ

ಸಿ5 ಅಥವಾ 05 ಏರುತ್ತಿದ್ದರೆ ಚರ್ಚೆ ಇಲ್ಲ, ಡಿಸ್ಕ್ ತೆಗೆಯಿರಿ. ವಿಂಡೋಸಿಗೆ ಎಸ್‌ಎಸ್‌ಡಿ ಹಾಕಿಸಿ. ಹೊಸದೆಂದು ಕೊಟ್ಟದ್ದನ್ನು ಅಂಗಡಿಯಲ್ಲೇ ಜೋಡಿಸಿ ಪವರ್ ಆನ್ ಅವರ್ಸ್ ನೋಡಿ. ಸಾವಿರಗಟ್ಟಲೆ ಗಂಟೆ ತೋರಿಸಿದರೆ ಅದು ಸ್ಟಿಕರ್ ಬದಲಿಸಿದ ಹಳೆ ಮಾಲು, ಅಲ್ಲೇ ವಾಪಸ್ ಕೊಡಿ.

ಹಳೆ ಡಿಸ್ಕಿಗೆ ವಾರಂಟಿ ಇದ್ದರೆ ಬದಲಿ ಡಿಸ್ಕ್ ಸಿಗುತ್ತದೆ, ಫೈಲು ಸಿಗುವುದಿಲ್ಲ. ಹಾಗಾಗಿ ಎಲ್ಲ ತೆಗೆದುಕೊಂಡಿದ್ದೇನೆ ಎಂದು ನಾಲ್ಕಾರು ಫೈಲು ತೆರೆದು ನೋಡಿದ ಮೇಲೆ ಕಳಿಸಿ. ವಾರಂಟಿ ಮುಗಿದಿದ್ದರೆ ಗುಜರಿಗೆ ಹಾಗೇ ಹಾಕಬೇಡಿ. ನಿಮ್ಮ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಇನ್ನೂ ಅದರಲ್ಲೇ ಇರುತ್ತವೆ. ಡ್ರಿಲ್ ಮೆಷಿನ್ ಇರುವವರ ಹತ್ತಿರ ಒಯ್ದು, ಒಳಗಿನ ತಟ್ಟೆಗಳನ್ನು ದಾಟುವಂತೆ ಎರಡು ಮೂರು ಕಡೆ ತೂತು ಹೊಡೆಸಿ, ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.